ತಪ್ಪಿನ ಹೊಣೆ ಕನ್ನಡದ ತಲೆಗೇಕೆ?

ಮಕ್ಕಳ ಇಂಗ್ಲಿಷ್ ಬರವಣಿಗೆ ಕೆಡುವುದು ಅವರು ಕನ್ನಡದಲ್ಲಿ ಯೋಚಿಸುವುದರಿಂದ, ಆದ್ದರಿಂದ ತರಗತಿಯಲ್ಲಿ ಕನ್ನಡವೇ ಬೇಡ ಎಂಬ ಕಳೆದ ಸಂಚಿಕೆಯ ಲೇಖನದ ವಾದ ಅರ್ಧಸತ್ಯ. ‘ಎ’, ‘ದಿ’ಗಳು ಬಿಟ್ಟುಹೋಗಲು ಕನ್ನಡದಲ್ಲಿ ಅಂಥವು ಇಲ್ಲದಿರುವುದು ಕಾರಣವಿರಬಹುದು, ಒಪ್ಪೋಣ, ರಷ್ಯನ್ನರೂ ಜಪಾನಿಯರೂ ಅಲ್ಲೇ ಎಡವುತ್ತಾರೆ. ಆದರೆ ‘ವೆಂಟ್’ ಬದಲು ‘ಗೋಡ್’ ಎಂದು ಬರೆಯುವ ಮಗು ಯಾವ ಕನ್ನಡವನ್ನು ಅನುವಾದಿಸುತ್ತಿದೆ? ಇಂಗ್ಲಿಷ್ ಮನೆಮಾತಿನ ಎಳೆಯರೂ ಹಾಗೇ ಹೇಳುತ್ತಾರೆ. ಭೂತಕಾಲದ ನಿಯಮ ಕೈಗೆ ಸಿಕ್ಕಿ, ಅಪವಾದಗಳಿಗೂ ಅದನ್ನೇ ಹಚ್ಚುವ ಹಂತವದು. ಭಾಷಾವಿಜ್ಞಾನಿ ಪಿಟ್ ಕಾರ್ಡರ್ 1967ರಲ್ಲೇ ಕಲಿಯುವವರ ತಪ್ಪುಗಳನ್ನು ಕಲಿಕೆಯ ಸಾಕ್ಷ್ಯವೆಂದು ಓದಿದರು. (ನಮ್ಮ ಕೆಂಪು ಶಾಯಿಗೆ ಆ ಸುದ್ದಿ ಇನ್ನೂ ಮುಟ್ಟಿದಂತಿಲ್ಲ.) ಹಾಗಾದರೆ ತಿದ್ದುವುದೇ ಬೇಡವೇ ಎಂದು ಕೇಳಬಹುದು. ತಿದ್ದಲೇಬೇಕು. ಆದರೆ ‘ದಿ’ಯ ತಪ್ಪನ್ನು ಮಗುವಿಗೆ ಮನಗಾಣಿಸಲು ಎರಡು ಭಾಷೆಗಳನ್ನೂ ಪಕ್ಕಪಕ್ಕ ಇಟ್ಟು ತೋರಿಸಬೇಕು, ಲೇಖಕರು ಹೊರಗಟ್ಟ ಹೊರಟ ಕನ್ನಡ ಬೇಕಾಗುವುದು ಅಲ್ಲಿಯೇ.