ಸಣ್ಣ ರಕ್ತನಾಳ, ದೊಡ್ಡ ವೆಚ್ಚ

ಮಧುಮೇಹ ನಗರವಾಸಿಗಳ ಕಾಯಿಲೆಯೆಂಬ ನಂಬಿಕೆ ಇನ್ನು ಸಲ್ಲದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ನಗರಗಳಲ್ಲಿ ಶೇ 16.4ರಷ್ಟಿರುವ ಈ ರೋಗ ಗ್ರಾಮಗಳಲ್ಲೂ ಶೇ 8.9ರಷ್ಟಿದೆ. ಹತೋಟಿ ತಪ್ಪಿದ ಸಕ್ಕರೆಯು ಕಣ್ಣು, ಮೂತ್ರಪಿಂಡ ಹಾಗೂ ನರಗಳ ಸೂಕ್ಷ್ಮ ರಕ್ತನಾಳಗಳನ್ನು ಸದ್ದಿಲ್ಲದೆ ಕೆಡಿಸುತ್ತದೆ.

ಕಳಸ ಬಳಿಯ ಸಂಸೆಯಂಥ ಊರಿನಲ್ಲಿ ಇದರ ಅರ್ಥವೇನು? ಸ್ಪರ್ಶಜ್ಞಾನ ಕಳೆದುಕೊಂಡ ಕಾಲಿಗೆ ತೋಟದಲ್ಲಿ ಮುಳ್ಳು ಚುಚ್ಚಿದರೂ ತಿಳಿಯದು; ತಿಳಿಯುವ ಹೊತ್ತಿಗೆ ಹುಣ್ಣು ಬಲಿತಿರುತ್ತದೆ. ಕಣ್ಣಿನ ಪರೀಕ್ಷೆಗೆಂದು ಪಟ್ಟಣಕ್ಕೆ ಹೋದರೆ ಆ ದಿನದ ಕೂಲಿ ಖೋತಾ. ನೋವಿಲ್ಲದ ರೋಗಕ್ಕೆ ಆ ಬೆಲೆ ತೆರುವವರು ವಿರಳ.

ಬ್ರಿಟನ್ನಿನಲ್ಲಿ ನಡೆದು 1998ರಲ್ಲಿ ಪ್ರಕಟವಾದ ಸುದೀರ್ಘ ಅಧ್ಯಯನದಲ್ಲಿ ಸಕ್ಕರೆಯ ಬಿಗಿ ಹತೋಟಿಯಿಂದ ಇಂಥ ತೊಡಕುಗಳು ಶೇ 25ರಷ್ಟು ತಗ್ಗಿದ್ದವು. ಆದರೆ ಮಾತ್ರೆ ಹಂಚಿದರಷ್ಟೇ ಸಾಲದು. ವರ್ಷಕ್ಕೊಮ್ಮೆ ಕಣ್ಣು, ಮೂತ್ರ, ಪಾದಗಳ ತಪಾಸಣೆ ತೋಟದ ಬಾಗಿಲಿಗೇ ಬರಬೇಕು. ನಾಳಿನ ಡಯಾಲಿಸಿಸ್‌ಗಿಂತ ಇಂದಿನ ಮೂತ್ರಪರೀಕ್ಷೆ ಅಗ್ಗವೆಂದು ಅರಿಯಲು ಅರ್ಥಶಾಸ್ತ್ರದ ಪದವಿ ಬೇಕಿಲ್ಲ.