ಮನೆ ಬಾಗಿಲಿಗೆ ಬರುವ ಮೊಹರು

ಹಾಸಿಗೆ ಹಿಡಿದವರ ಮನೆಗೆ ನೋಟರಿ ವಕೀಲರು ಕಾರಿನಲ್ಲಿ ಬಂದು ಕಾಗದಪತ್ರ ಮಾಡಿಕೊಟ್ಟು ಹೋಗುವ ಏರ್ಪಾಡು ನಮ್ಮ ತುಮಕೂರಿನ ಕಡೆಗೂ ಬಂದಿದೆ. ನಡೆಯಲಾರದವರಿಗೆ ಇದೊಂದು ಅನುಕೂಲವೇ ಸರಿ. ಬಂದುಹೋಗುವವರ ಶ್ರಮಕ್ಕೆ ಕೂಲಿ ಕೊಡಬಾರದೆಂದು, ಕೂಲಿಯ ಬೆಲೆ ಬಲ್ಲ ನಾವು ಹೇಳಲಾರೆವು. ನಮ್ಮ ತಕರಾರು ಬೇರೆ.

ಗುಬ್ಬಿ ಹತ್ತಿರದ ಒಂದು ಹಳ್ಳಿಯಲ್ಲಿ ನಾವೇ ಕಂಡ ಸಂಗತಿ. ಅಕ್ಕಿ ಗಿರಣಿಯಲ್ಲಿ ಮೂಟೆ ಹೊತ್ತು ಬದುಕಿದ ಹಿರಿಯರೊಬ್ಬರು ಲಕ್ವ ಹೊಡೆದು ಮಲಗಿದ್ದರು. ಸ್ವಂತ ದುಡಿಮೆಯಿಂದ ಕಟ್ಟಿದ ಎರಡಂಕಣದ ಮನೆ ತಮ್ಮ ತರುವಾಯ ಹೆಂಡತಿಗೇ ಉಳಿಯಲಿ ಎಂಬುದೊಂದೇ ಅವರ ಆಸೆ. ಯಾರೋ ದಲ್ಲಾಳಿಯನ್ನು ಹಿಡಿದು ಕಾರು ತರಿಸಿದರು. ಇಳಿದವರು ಮೂವರು. ಇಂಗ್ಲಿಷಿನಲ್ಲಿ ಟೈಪಾಗಿ ಬಂದಿದ್ದ ಕಾಗದದ ಮೇಲೆ ಹತ್ತು ನಿಮಿಷದಲ್ಲಿ ಹೆಬ್ಬೆಟ್ಟು ಬಿತ್ತು, ಮೊಹರು ಬಿತ್ತು, ಹಣವೂ ಸಂದಾಯವಾಯಿತು. ಹಿರಿಯರು ತೀರಿಕೊಂಡ ಮೇಲೆ ಆ ತಾಯಿ ಕಾಗದವನ್ನು ಸೆರಗಿನಲ್ಲಿ ಸುತ್ತಿಕೊಂಡು ನಮ್ಮ ಬಳಿಗೆ ಬಂದರು. ಓದಿ ನೋಡಿದರೆ ಅದು ಮರಣಶಾಸನವೇ ಅಲ್ಲ, ಮುಕ್ತಾರ್‌ನಾಮೆ! ಬರೆದುಕೊಟ್ಟವರು ಕಣ್ಣು ಮುಚ್ಚಿದೊಡನೆ ಅದರ ಆಯುಸ್ಸೂ ಮುಗಿಯಿತು.

“ಮೊಹರು ಐತಲ್ಲ ಮೇಷ್ಟ್ರೇ?” ಎಂದರು ಆಕೆ.

ಈಗ ಗಂಡುಮಕ್ಕಳಿಬ್ಬರು ಪಾಲು ಕೇಳುತ್ತಿದ್ದಾರೆ. ಮರಣಶಾಸನವಿಲ್ಲದ ಮೇಲೆ ಕಾನೂನಿನಂತೆ ತಾಯಿಗೊಂದು ಪಾಲು, ಮಕ್ಕಳಿಗೆ ಒಂದೊಂದು. ಎರಡಂಕಣದ ಮನೆಯನ್ನು ಮೂರು ಮಾಡಿದರೆ ಒಲೆ ಹೂಡಲು ಜಾಗವೆಲ್ಲಿ?

ಮೊಹರಿನ ಭ್ರಮೆಯನ್ನು ನಾವು ಮೊದಲು ಬಿಡಬೇಕಾಗಿದೆ. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಮರಣಶಾಸನಕ್ಕೆ ಬೇಕಾದದ್ದು ಬರೆಸಿದವರ ರುಜು ಅಥವಾ ಹೆಬ್ಬೆಟ್ಟು, ಅದನ್ನು ಕಂಡು ಅವರೆದುರಿಗೇ ರುಜು ಹಾಕುವ ಇಬ್ಬರು ಸಾಕ್ಷಿಗಳು. ಛಾಪಾಕಾಗದ ಬೇಡ, ನೋಟರಿ ಮೊಹರು ಬೇಡ, ರಿಜಿಸ್ಟ್ರಿಯೂ ಕಡ್ಡಾಯವಲ್ಲ. ಬಿಳಿಯ ಹಾಳೆಯಲ್ಲಿ ಕನ್ನಡದಲ್ಲಿ ಬರೆದರೂ ನಡೆಯುತ್ತದೆ. ಆದರೆ ವ್ಯಾಜ್ಯ ಹುಟ್ಟಿದ ದಿನ, ಸಾಕ್ಷಿಗಳಲ್ಲಿ ಬದುಕಿರುವ ಒಬ್ಬರಾದರೂ ನ್ಯಾಯಾಲಯಕ್ಕೆ ಬಂದು ಹೇಳಬೇಕು. ಕಾರಿನಲ್ಲಿ ಬಂದು ಕಾರಿನಲ್ಲೇ ಹೋದ ಸಾಕ್ಷಿಗಳನ್ನು ಎಲ್ಲಿ ಹುಡುಕುವುದು? ಪಕ್ಕದ ಮನೆಯವರು, ಜೊತೆಯಲ್ಲಿ ದುಡಿದ ಕಿರಿಯರು ಸಾಕ್ಷಿ ಹಾಕಲಿ. ಆಸ್ತಿ ಪಡೆಯುವವರು ಮಾತ್ರ ದೂರವಿರಲಿ.

ಕುಣಿಗಲಿನ ಅಂಗಡಿಕಾರ ಮಿತ್ರರಿಗೂ ಒಂದು ಮಾತು. ಕ್ರಯಪತ್ರವಿಲ್ಲದೆ ಮುಕ್ತಾರ್‌ನಾಮೆ, ಮರಣಶಾಸನ ಎರಡನ್ನು ಬರೆಸಿಕೊಂಡು ನಿವೇಶನ ಕೊಂಡೆವೆಂದು ನೆಮ್ಮದಿಯಿಂದ ಇರಬೇಡಿ. ಅದರಿಂದ ಮಾಲೀಕತ್ವ ಬರುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲಿಯೇ ಹೇಳಿದೆ.

ಇನ್ನು ಮನೆಗೆ ಬರುವ ಅಧಿಕಾರಿಯ ವಿಚಾರ. ಕಾಯಿಲೆಯಿಂದಲೋ ಅಶಕ್ತತೆಯಿಂದಲೋ ಕಛೇರಿಗೆ ಬರಲಾರದವರ ಮನೆಗೆ ಸಬ್‌ರಿಜಿಸ್ಟ್ರಾರರು ತಾವೇ ಹೋಗಬೇಕು, ಇಲ್ಲವೇ ಕಮಿಷನ್ ಕಳುಹಿಸಬೇಕು ಎಂದು 1908ರ ನೋಂದಣಿ ಕಾಯಿದೆಯೇ ಹೇಳುತ್ತದೆ. ಅದಕ್ಕೆ ಗೊತ್ತುಪಡಿಸಿದ ಶುಲ್ಕವಿದೆ. ರಸೀತಿ ಕೇಳಿ ಪಡೆಯತಕ್ಕದ್ದು. ರಿಜಿಸ್ಟರಾದ ಮರಣಶಾಸನದ ನಕಲು ಕಛೇರಿಯಲ್ಲಿ ಉಳಿಯುತ್ತದೆ. ಗುಟ್ಟಾಗಿ ಇರಲಿ ಎನ್ನುವವರು ಲಕೋಟೆಗೆ ಮುದ್ರೆ ಹಾಕಿ ಜಿಲ್ಲಾ ನೋಂದಣಾಧಿಕಾರಿಗಳ ವಶಕ್ಕೂ ಕೊಡಬಹುದು. ಪರದೇಶದ ಸರ್ಕಾರ ಮಾಡಿದ ಕಾಯಿದೆಯಲ್ಲಿ ಇಷ್ಟು ಕರುಣೆ ಇರುವಾಗ, ಸ್ವರಾಜ್ಯದ ಪ್ರಜೆ ದಲ್ಲಾಳಿಯ ಕಾಲು ಹಿಡಿಯಬೇಕೇಕೆ? ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಕಡೆ ಕಛೇರಿಯ ಗೋಡೆಯ ಮೇಲೆ ಈ ಹಕ್ಕನ್ನೂ ಅದರ ಶುಲ್ಕವನ್ನೂ ದಪ್ಪಕ್ಷರದ ಕನ್ನಡದಲ್ಲಿ ಬರೆಸಲಿ, ತಿಂಗಳಿಗೆರಡು ದಿನವನ್ನು ಮನೆಭೇಟಿಗೆಂದೇ ಮೀಸಲಿಡಲಿ ಎಂಬುದು ನಮ್ಮ ಒತ್ತಾಯ.

ಬರೆಸುವ ಮುನ್ನ ಸಲಹೆಗೆ ಹಣವಿಲ್ಲವೆಂದು ಹಿಂಜರಿಯಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಕೈಗಾರಿಕಾ ಕಾರ್ಮಿಕರಿಗೂ ಹೆಂಗಸರಿಗೂ ಆದಾಯ ಎಷ್ಟೇ ಇದ್ದರೂ ಕಾನೂನು ನೆರವು ಉಚಿತ. ಸಣ್ಣ ವ್ಯಾಪಾರಿಗಳಿಗೆ ಆದಾಯದ ಮಿತಿ ನೋಡುತ್ತಾರೆ, ಅಷ್ಟೆ. ತುಮಕೂರಿನಲ್ಲಿ ಜಿಲ್ಲಾ ಪ್ರಾಧಿಕಾರವಿದೆ, ತಾಲ್ಲೂಕುಗಳಲ್ಲಿ ಅದರ ಸಮಿತಿಗಳಿವೆ. ಗುಬ್ಬಿಯ ಆ ತಾಯಿಯನ್ನು ನಾವು ಅಲ್ಲಿಗೇ ಕರೆದೊಯ್ದೆವು. ಮಕ್ಕಳನ್ನು ಕರೆಸಿ ಮಾತನಾಡುವುದಾಗಿ ಹೇಳಿದ್ದಾರೆ. ಮುಂದಿನ ವಾರ ಮತ್ತೆ ಹೋಗಬೇಕಾಗಿದೆ.