ಲೇಡೀಸ್ ತಂಬೂರಿ

ಮುದ್ದೇಬಿಹಾಳದಲ್ಲಿರುವ ತಂಗಿಯ ಮಗಳಿಗೆ ತಂಬೂರಿ ಕೊಡಿಸುವ ಮಾತು ಬಂದಾಗ ಮನೆಮಂದಿಯೆಲ್ಲ ಒಂದೇ ರಾಗ ತೆಗೆದರು: "ಹುಡುಗಿ ಅಲ್ಲೇನು? ಲೇಡೀಸ್ ತಂಬೂರಿ ತರ್ರಿ." ಲೇಡೀಸ್ ಸೈಕಲ್ಲು, ಲೇಡೀಸ್ ವಾಚು ಇದ್ದಂತೆ ಇದೂ ಒಂದು ಎಂದು ಅವರ ತಿಳುವಳಿಕೆ. ಎಷ್ಟೋ ಅಂಗಡಿಯವರ ತಿಳುವಳಿಕೆಯೂ ಅಷ್ಟೇ. ನಾನು ಇದನ್ನು ಒಪ್ಪುವುದಿಲ್ಲ. ಒಪ್ಪದಿರಲು ನನಗೆ ಸ್ವಂತದ ಕಾರಣವಿದೆ.

ಬಸವನ ಬಾಗೇವಾಡಿಯಲ್ಲಿ ನಾನು ಹಾಡು ಕಲಿಯತೊಡಗಿದಾಗ ಹನ್ನೆರಡು ವರ್ಷ. ಗುರುಗಳು ಪೇಟಿಯ ಮೇಲೆ ಕರಿ ನಾಲ್ಕು ಒತ್ತಿ, "ಹೆಣ್ಣುಮಕ್ಕಳ ಷಡ್ಜ ಇದೇ" ಎಂದರು. ಮನೆಗೆ ಬಂದ ಗಿಡ್ಡ ತಂಬೂರಿಯೂ ಅದಕ್ಕೇ ಹೊಂದುವಂಥದು. ಮೂರು ವರ್ಷ ಕಳೆಯುವಷ್ಟರಲ್ಲಿ ನನ್ನ ಧ್ವನಿ ಇಳಿಯಿತು. ಗಂಡುಹುಡುಗರ ಧ್ವನಿ ಒಡೆಯುವುದು ಎಲ್ಲರಿಗೂ ಗೊತ್ತು, ಹುಡುಗಿಯರದೂ ತುಸು ಇಳಿಯುತ್ತದೆ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ತಾರಷಡ್ಜಕ್ಕೆ ಏರಿದಾಗ ಕುತ್ತಿಗೆಯ ನರ ಉಬ್ಬಿ, ಮರುದಿನ ಗಂಟಲು ಕಟ್ಟುತ್ತಿತ್ತು. "ಗಂಡುಧ್ವನಿ ಅದರೀ ಈಕೀದು, ಸಾಕು ಬಿಡಸ್ರಿ" ಎಂದರು ಬಂಧುಗಳು. ಹದಿನಾರಕ್ಕೆ ಬಿಟ್ಟೆ. ಮುಂದೆ ಸಿಂದಗಿಗೆ ಸೊಸೆಯಾಗಿ ಬಂದ ಮೇಲೆ ಯಾರಾದರೂ ಕೇಳಿದರೆ, ಮದುವೆಯಾಯಿತು, ಬಿಟ್ಟೆ ಎನ್ನುತ್ತಿದ್ದೆ. ಅದು ಸುಳ್ಳು.

ತಂಬೂರಿಯ ಅಳತೆ ತಂತಿಯ ಲೆಕ್ಕ. ತಂತಿ ಉದ್ದ ಮತ್ತು ದಪ್ಪವಿದ್ದರೆ ಸ್ವರ ಕೆಳಗೆ, ಗಿಡ್ಡ ಮತ್ತು ಸಣ್ಣಗಿದ್ದರೆ ಮೇಲೆ. ಸುಮಾರು ಐದಡಿಯದನ್ನು ಗಂಡಸರದೆನ್ನುವುದು ಕರಿ ಒಂದು, ಬಿಳಿ ಎರಡರ ಆಸುಪಾಸು ಹಾಡುವವರಿಗೆ ಅದು ಒದಗುವುದರಿಂದ. ಗಿಡ್ಡದ್ದು ಕರಿ ನಾಲ್ಕು, ಐದಕ್ಕೆ. ನಡುವಿನ ಧ್ವನಿಯ ಹೆಂಗಸು ಗಿಡ್ಡ ತಂಬೂರಿಯನ್ನು ಇಳಿಸಿ ಶ್ರುತಿ ಮಾಡಿದರೆ ತಂತಿ ಸಡಿಲಾಗಿ ಜವಾರಿ ಸತ್ತುಹೋಗುತ್ತದೆ, ಝೇಂಕಾರವೇ ಹುಟ್ಟುವುದಿಲ್ಲ. ಉದ್ದದ್ದನ್ನು ಮೇಲಕ್ಕೆ ಬಿಗಿದರೆ ತಂತಿ ಪಟ್ಟೆಂದು ಹರಿಯುತ್ತದೆ. ಆದ್ದರಿಂದ ನೋಡಬೇಕಾದದ್ದು ಹುಡುಗಿಯ ಷಡ್ಜ. ಮಂದ್ರದ ಪಂಚಮ ಕೇಳಿಸುವಂತೆ ಇಳಿದು, ತಾರಸಪ್ತಕದ ಗಂಧಾರಕ್ಕೆ ಒದ್ದಾಡದೆ ಏರುವ ಮನೆ ಪೇಟಿಯಲ್ಲಿ ಯಾವುದೋ ಅದೇ ಅವಳದು. ಆಕೆಯ ಎತ್ತರ ನೋಡುವವರೂ ಇದ್ದಾರೆ. ತಂಬೂರಿಯನ್ನು ನೆಲದ ಮೇಲೆ ಮಲಗಿಸಿ ಮೀಟಬಹುದಲ್ಲ! "ದೊಡ್ಡಾಕಿ ಆದ ಮ್ಯಾಲೂ ಬರ್ತದ" ಎಂದು ಹತ್ತು ವರ್ಷದ ಕೂಸಿಗೆ ಶಾಲೆಯ ಲಂಗದಂತೆ ಖರೀದಿಸುವುದಂತೂ ದುಡ್ಡಿನ ದಂಡ. ಧ್ವನಿ ನಿಲ್ಲುವ ತನಕ ಶ್ರುತಿ ಬದಲಿಸಲು ಬರುವ ಎಲೆಕ್ಟ್ರಾನಿಕ್ ಪೆಟ್ಟಿಗೆ ಸಾಕು. ಅದನ್ನು ಕಂಡು ಮೂಗು ಮುರಿಯುವವರು ಮುರಿಯಲಿ.

ನಮ್ಮ ಸೀಮೆಯಲ್ಲಿ ಇದನ್ನು ವಾದ ಮಾಡಿ ಹೇಳಬೇಕಾಗಿ ಬಂದದ್ದೇ ನಾಚಿಕೆ. ಧಾರವಾಡದಲ್ಲಿ 1913ರಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್ಲರ ಮೊದಮೊದಲ ರೆಕಾರ್ಡುಗಳಲ್ಲಿ ಧ್ವನಿ ಸಣ್ಣ, ಎತ್ತರದ್ದು. ಗಂಟಲಿನ ತೊಂದರೆ, ಚಿಕಿತ್ಸೆ ಆದಮೇಲೆ ಅದು ಗಂಭೀರವಾಗಿ ಇಳಿಯಿತು. ಗಂಡಸು ಹಾಡುತ್ತಿದ್ದಾನೆ ಎಂದೇ ರೇಡಿಯೋ ಕೇಳುವವರು ತಿಳಿಯುತ್ತಿದ್ದರು. ಅವರು ಆ ಧ್ವನಿಯನ್ನು ಮುಚ್ಚಿಡಲಿಲ್ಲ, ಏರಿಸಲು ಹೆಣಗಲಿಲ್ಲ. ಅದರಲ್ಲೇ ಹಾಡಿದರು, 2002ರಲ್ಲಿ ಪದ್ಮವಿಭೂಷಣವೂ ಬಂತು. ಅವರ ಭಾವಚಿತ್ರಕ್ಕೆ ಹಾರ ಹಾಕುವ ನಾವೇ ಮನೆಯ ಹುಡುಗಿಗೆ "ಗಂಡುಧ್ವನಿ" ಎಂದು ಹೆಸರಿಡುತ್ತೇವೆ.

ಮಗುವನ್ನು ಕರೆದುಕೊಂಡು ನಾನೇ ಮಿರಜಕ್ಕೆ ಹೋದೆ. 2024ರಲ್ಲಿ ಭೌಗೋಳಿಕ ಗುರುತಿನ ಮುದ್ರೆ ಸಿಕ್ಕ ಊರಿನ ಕಸುಬು ಅದು. ಪಂಢರಪುರದ ಕಡೆಯ ಹೊಲಗಳಿಂದ ಬರುವ ಬುರುಡೆಗಳನ್ನು ಅಟ್ಟದ ಮೇಲೆ ಒಟ್ಟಿದ್ದರು. ಆ ನೆಲದ ಭೀಮೆಯೇ ನಮ್ಮ ಇಂಡಿ, ಸಿಂದಗಿಯ ಅಂಚಿಗೂ ಹರಿಯುವವಳು, ತವರಿನವರನ್ನು ಕಂಡಂತಾಯಿತು. ಮುದುಕ ಕಾರೀಗರ ಯಾರಿಗೆ ಎಂದು ಕೇಳಲಿಲ್ಲ. "ಸಾ ಹಚ್ಚವಾ" ಎಂದ. ಹುಡುಗಿ ಹೆದರುತ್ತಲೇ ಹಚ್ಚಿದಳು. ಎರಡು ಸಲ ಕೇಳಿ, "ಕರಿ ಮೂರು" ಎಂದವನೇ ಲೇಡೀಸಿಗಿಂತ ಉದ್ದದ ಒಂದು ದಂಡಿಗೆ ಎತ್ತಿಕೊಂಡ. ನನಗೆ ಗಂಟಲು ತುಂಬಿ ಬಂತು. ಇಷ್ಟೇ ಪ್ರಶ್ನೆಯನ್ನು ನನಗೂ ಯಾರಾದರೂ ಕೇಳಿದ್ದರೆ!

ತಿಂಗಳೆರಡಾದ ಮೇಲೆ ತಂಬೂರಿ ತರಲು ಹೋದೆವು. ಬರುವಾಗ ಬಸ್ಸಿನಲ್ಲಿ ಅದನ್ನು ಚಾದರದಲ್ಲಿ ಸುತ್ತಿ ನಮ್ಮಿಬ್ಬರ ನಡುವೆ ಕೂಡಿಸಿಕೊಂಡಿದ್ದೆವು. ಕಂಡಕ್ಟರ ಅದನ್ನು ಮೇಲಿನಿಂದ ಕೆಳಗೆ ನೋಡಿ, "ಇದಕ್ಕ ಫುಲ್ ಕೊಡ್ಲೋ, ಹಾಫ್ ಕೊಡ್ಲೋ?" ಎಂದ.

"ಫುಲ್ ಕೊಡಪಾ" ಎಂದಳು ಹುಡುಗಿ, ತನ್ನ ಧ್ವನಿಯಲ್ಲೇ.